ಕಲ್ಲುಜ್ಜುವ ಆದೆಮ್ಮ ಓದಿದ ಕತ್ತೆಯ ಕಥೆ

ಗಡಿಗೆಪ್ಪ ಮಾಸ್ತರು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಅವರು ಬರೆದ ಕಟ್ಟಕಡೆಯ ಕಥೆಯನ್ನು ಅಳಿಸಿಹಾಕು ಎಂಬ ಹುಕುಂ ಅವತ್ತು ಆದೆಮ್ಮನಿಗೆ ಬಂತು. ಹುಕುಂ ಕೊಟ್ಟವರು ಮಾಸ್ತರ ವೈರಿಗಳೇನಲ್ಲ. ಅವರ ನೆನಪಿಗಾಗಿ ರಾಯಚೂರಿನಲ್ಲಿ ದೊಡ್ಡ ಸಭೆ ಮಾಡಬೇಕೆಂದು ಕಮಿಟಿ ಕಟ್ಟಿಕೊಂಡಿದ್ದ ಮಂದಿ. ಸಭೆಗೆ ಕರೆಪತ್ರ ಛಾಪಿಸಬೇಕಿತ್ತು. ಅದರಲ್ಲಿ ಕಮಿಟಿಯ ಮೂವತ್ತೊಂದು ಹೆಸರು ಬರಬೇಕಿತ್ತು, ಪ್ರತಿ ಹೆಸರಿನ ಹಿಂದೆ ಮುಂದೆ ಅವರವರ ಹುದ್ದೆ, ಬಿರುದು, ಮನೆತನ. ಅಷ್ಟೂ ಹಿಡಿಸುವಂಥ ದೊಡ್ಡ ಕಲ್ಲು ಆದೆಮ್ಮ ದುಡಿಯುವ ಛಾಪಖಾನೆಯಲ್ಲಿ ಇದ್ದದ್ದು ಒಂದೇ. ಆ ಕಲ್ಲಿನ ಮೇಲೆ ಮಾಸ್ತರ ಕಥೆ ಇತ್ತು.

ಸತ್ತವನ ಮಾತನ್ನು ಉಜ್ಜಿ ಒರೆಸಿ, ಆ ಜಾಗದಲ್ಲಿ ಸತ್ತವನನ್ನು ಹೊಗಳುವವರ ಹೆಸರು ಬರೆಯುವುದು. ಇದರಲ್ಲಿ ಏನೋ ಎಡವಟ್ಟಿದೆ ಅಂತ ಮೂವತ್ತೊಂದು ಮಂದಿಯಲ್ಲಿ ಒಬ್ಬರಿಗೂ ಅನ್ನಿಸಲಿಲ್ಲ. ಅನ್ನಿಸಿದ್ದು ಶಾಲೆಯ ಕಟ್ಟೆ ತುಳಿಯದ ಹೆಂಗಸೊಬ್ಬಳಿಗೆ.

1945ರ ಬೇಸಿಗೆ ಅದು. ತೀನ್ ಕಂದೀಲ್ ಚೌಕದಿಂದ ಕೋಟೆಯ ಕಡೆಗೆ ಹೋಗುವ ಓಣಿಯಲ್ಲಿ ಕುತುಬುದ್ದೀನ್ ಸಾಬರ ಛಾಪಖಾನೆ ಇತ್ತು. ಸೀಸದ ಮೊಳೆ ಜೋಡಿಸುವ ಪ್ರೆಸ್ಸಲ್ಲ, ಕಲ್ಲಚ್ಚು. ಬರೆಯುವವನು ಜಿಡ್ಡಿನ ಮಸಿಯಿಂದ ಹಳದಿ ಕಾಗದದ ಮೇಲೆ ಬರೆಯಬೇಕು. ಆ ಕಾಗದವನ್ನು ಒದ್ದೆ ಮಾಡಿ ನುಣುಪಾದ ಕಲ್ಲಿನ ಮೇಲೆ ಬೋರಲು ಹಾಕಿ ಒತ್ತಿದರೆ ಅಕ್ಷರವೆಲ್ಲ ಕಾಗದ ಬಿಟ್ಟು ಕಲ್ಲಿಗೆ ಇಳಿಯುತ್ತದೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುವುಮುರುವಾಗಿ. ಆ ಕಲ್ಲಿಗೆ ಮಸಿ ಹಚ್ಚಿ ಹೊಸ ಕಾಗದ ಒತ್ತಿದಾಗ ಮತ್ತೆ ಸೀದಾ ಆಗಿ ಮೂಡುತ್ತದೆ. ಕೆಲಸ ಮುಗಿದ ಮೇಲೆ ಕಲ್ಲಿಗೆ ಮರಳು, ನೀರು ಹಾಕಿ, ಮೇಲೊಂದು ಕಲ್ಲಿಟ್ಟು, ಬೀಸಿದಂತೆ ದುಂಡಗೆ ತಿರುವಿ ಉಜ್ಜಬೇಕು. ಹಳೆಯ ಅಕ್ಷರದ ನೆರಳೂ ಉಳಿಯದಂತೆ ಹೋದ ಮೇಲೆ ಕಲ್ಲು ಮುಂದಿನ ಕೆಲಸಕ್ಕೆ ತಯಾರು. ಹನ್ನೊಂದು ವರ್ಷದಿಂದ ಆ ಉಜ್ಜುವ ಕೆಲಸ ಆದೆಮ್ಮನದು.

ಆಕೆ ಮಾನ್ವಿ ಕಡೆಯ ಮಲ್ಲಟದವಳು. ಬಾವಿ ತೋಡುವಾಗ ಮಣ್ಣು ಕುಸಿದು ಗಂಡ ಹೋದ ಮೇಲೆ ರಾಯಚೂರಿಗೆ ಬಂದಳು. ಗಂಡಸರು ಯಾರೂ ನಿಲ್ಲದ ಕೆಲಸ ಅದು. ಮುಂಜಾನೆಯಿಂದ ಸಂಜೆತನಕ ಕೆಸರಿನಲ್ಲಿ ಕೈ, ಉಗುರಿನ ಬುಡದಲ್ಲಿ ಮರಳು. ಅವಳು ನಿಂತಳು. ಅಷ್ಟೇ ಅಲ್ಲ, ಉಜ್ಜುವ ಮುಂಚೆ ಕಲ್ಲನ್ನು ನೋಡುವ ಚಾಳಿ ಬೆಳೆಸಿಕೊಂಡಳು.

ಕೋರ್ಟಿನ ನೋಟೀಸು, ಮದುವೆಯ ಕಾರ್ಡು ಅವಳಿಗೆ ಬರೀ ಮಸಿ. ಆದರೆ ವರ್ಷಕ್ಕೆ ಎರಡು ಮೂರು ಸಲ ಮಾನ್ವಿಯಿಂದ ಗಡಿಗೆಪ್ಪ ಮಾಸ್ತರು ಬರುತ್ತಿದ್ದರು. ಕುತುಬುದ್ದೀನರಿಗೆ ಉರ್ದು ಬರವಣಿಗೆ ಮುತ್ತಿನಂತೆ ಬರುತ್ತಿತ್ತು, ಕನ್ನಡ ಬಾಯಲ್ಲಿ ಮಾತ್ರ. ಹಾಗಾಗಿ ಮಾಸ್ತರು ತಾವೇ ಚಾಪೆ ಮೇಲೆ ಕೂತು, ಹಳದಿ ಕಾಗದದ ಮೇಲೆ ತಮ್ಮ ಕೈಯಾರೆ ಮಕ್ಕಳ ಕಥೆ ಬರೆದು, ಪಕ್ಕಕ್ಕೆ ಚಿತ್ರ ತೆಗೆಯುತ್ತಿದ್ದರು. ಹದಿನಾರು ಪುಟದ ಸಣ್ಣ ಪುಸ್ತಕ. ಒಂದರಲ್ಲಿ ಆನೆಯ ಚಿತ್ರ, ಪಕ್ಕದಲ್ಲಿ ದಪ್ಪನೆಯ ಆ. ಇದು ಆನೆಯ ಅಕ್ಷರ, ನಿನ್ನ ಹೆಸರಿನ ಮೊದಲಿಗೂ ಇದೇ ಅಂತ ಮಾಸ್ತರು ಒಮ್ಮೆ ಸುಮ್ಮನೆ ಹೇಳಿ ಹೋದರು. ಆ ಕಲ್ಲನ್ನು ಉಜ್ಜುವಾಗ ಆದೆಮ್ಮ ಆ ಒಂದನ್ನು ಕಡೆತನಕ ಉಳಿಸಿಕೊಂಡು, ಕಣ್ಣು ತುಂಬ ನೋಡಿ, ಆಮೇಲೆ ಅಳಿಸಿದಳು. ಹೀಗೆ ಅಳಿಸುತ್ತ ಅಳಿಸುತ್ತ ಒಂದೊಂದೇ ಅಕ್ಷರ ಕಲಿತಳು. ಜನ ಬರೆದು ಕಲಿಯುತ್ತಾರೆ. ಅವಳು ಒರೆಸಿ ಕಲಿತಳು.

ಕಲಿತದ್ದರಲ್ಲಿ ಒಂದು ಎಡವಟ್ಟಿತ್ತು. ಅದು ಅವಳಿಗೆ ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು. ಕಲ್ಲಿನ ಮೇಲಿನ ಕನ್ನಡ ಬಲಗಡೆಯಿಂದ ಎಡಗಡೆಗೆ ಹೋಗುತ್ತದೆ, ಪ್ರತಿ ಅಕ್ಷರವೂ ಮಗ್ಗಲು ಬದಲಿಸಿ ಮಲಗಿರುತ್ತದೆ. ಎದುರಿಗೆ ಕೂತ ಸಾಬರು ಉರ್ದುವನ್ನೂ ಬಲಗಡೆಯಿಂದಲೇ ಬರೆಯುತ್ತಿದ್ದರು. ಎಲ್ಲ ಭಾಷೆಯೂ ಹೀಗೇ ಇರಬೇಕು ಅಂದುಕೊಂಡಳು. ಒಂದು ದಿನ ಬಜಾರದಲ್ಲಿ ಬಟ್ಟೆ ಅಂಗಡಿಯ ಹೊಸ ಬೋರ್ಡು ನೋಡಿ ನಿಂತವಳು, ಒಳಗೆ ಹೋಗಿ ಸೇಠಜಿಗೆ ಗುಟ್ಟಾಗಿ ಹೇಳಿದಳು, ಬೋರ್ಡು ಬರೆದವನು ನಿಮಗೆ ಮೋಸ ಮಾಡಿದ್ದಾನೆ, ಅಕ್ಷರ ಎಲ್ಲ ತಿರುವು ಬರೆದಿದ್ದಾನೆ ಅಂತ. ಅಂಗಡಿಯವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಬಜಾರವೆಲ್ಲ ನಕ್ಕಿತು. ವಾರಗಟ್ಟಲೆ ಅವಳನ್ನು ಕಂಡವರು "ಏನಬೇ ಪಂಡಿತಮ್ಮ, ನಮ್ಮ ಬೋರ್ಡು ಸರಿ ಅದ ಏನು?" ಎಂದು ಕೆಣಕಿದರು. ಅಂದಿನಿಂದ ಆದೆಮ್ಮ ತನಗೆ ಓದಲು ಬರುತ್ತದೆ ಎಂಬುದನ್ನು ಕದ್ದ ವಸ್ತುವಿನಂತೆ ಬಚ್ಚಿಟ್ಟಳು.

ಸುದ್ದಿ ಮಾಸ್ತರ ಕಿವಿಗೆ ಬಿತ್ತು. ಮುಂದಿನ ಸಲ ಬಂದಾಗ ಅವರು ತಮ್ಮ ಕಥೆಯ ಕಲ್ಲನ್ನು ಅವಳ ಮುಂದೆ ಇಟ್ಟು ಓದಿಸಿದರು. ಅವಳು ಬೆರಳಿಟ್ಟು ಬಲದಿಂದ ಎಡಕ್ಕೆ ಒಂದೂ ತಪ್ಪಿಲ್ಲದೆ ಓದಿದಳು. ಕಾಗದ ಕೊಟ್ಟರೆ ಒಂದಕ್ಷರ ಹತ್ತಲಿಲ್ಲ. ಮಾಸ್ತರು ನಗಲಿಲ್ಲ. ಆ ಕಾಗದವನ್ನು ತಿರುವಿ, ಬೆನ್ನು ಅವಳ ಕಡೆ ಮಾಡಿ, ಕಿಟಕಿಯ ಬಿಸಿಲಿಗೆ ಹಿಡಿದರು. ಮಸಿ ಹಿಂದಿನಿಂದ ಕಾಣಿಸಿತು. ಆದೆಮ್ಮ ಗಡಗಡ ಓದಿಬಿಟ್ಟಳು.

"ನಿಂದೇನೂ ತಪ್ಪಿಲ್ಲವ್ವಾ," ಎಂದರು ಮಾಸ್ತರು. "ಊರು ಮಂದಿ ಎಲ್ಲಾ ಕಾಗದದ ಮುಂದ ನಿಂತು ನೋಡತಾರ. ನಿನ್ನ ಹಿಂದ ನಿಲ್ಲಿಸ್ಯಾರ, ನೀ ಹಿಂದಿಂದಾನೇ ಓದಿಕೊಂಡಿ. ಬಿಡುವಾದಾಗ ಕುಂದರಿಸಿ ಸೀದಾ ಓದಾದು ಕಲಿಸಿಕೊಡ್ತೀನಿ."

ಆ ಬಿಡುವು ಬರಲೇ ಇಲ್ಲ. ಮಾಸ್ತರಿಗೆ ಮಾನ್ವಿಯಲ್ಲಿ ಖಾಸಗಿ ಶಾಲೆ. ಕೇರಿಯ ಹುಡುಗರನ್ನು ಒಳಗೆ ಕೂಡಿಸಬಾರದು ಎಂದು ಊರ ಹಿರಿಯರು ತಕರಾರು ತೆಗೆದಾಗ, ಅವರು ಜಗಳಕ್ಕೆ ನಿಲ್ಲದೆ ಶಾಲೆಯನ್ನೇ ಹೊರಗೆ ತಂದು ಬೇವಿನ ಮರದ ಕೆಳಗೆ ಹಾಸಿದ್ದರು. ಒಳಗೂ ಇಲ್ಲ ಹೊರಗೂ ಇಲ್ಲ. ರಜೆ ಬಂದರೆ ಚೀಲಕ್ಕೆ ಪುಸ್ತಕ ತುಂಬಿಕೊಂಡು ದೇವದುರ್ಗದ ಹಳ್ಳಿಗಳಿಗೆ ಕಾಲ್ನಡಿಗೆ. ಹುಟ್ಟೂರು ಗೂಗಲ್‌ನಲ್ಲಿ ಕೃಷ್ಣೆಯ ದಂಡೆಗೆ ಕೂತು ಕಥೆ ಶುರು ಮಾಡಿದರೆಂದರೆ ಹೊಳೆಗೆ ಇಳಿದ ಮಕ್ಕಳು ಒದ್ದೆ ಮೈಯಲ್ಲೇ ಓಡಿ ಬರುತ್ತಿದ್ದವು.

ಕೊನೆಯ ಕಥೆ ಬರೆಯಲು ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಯುದ್ಧದ ಕಾಲ, ಕಾಗದಕ್ಕೆ ಕಂಟ್ರೋಲು. ಪಾಟಿಯ ಮೇಲೆ ಬರೆದು ತಿದ್ದಿ ಒರೆಸಿ, ಚೊಕ್ಕ ಮಾಡಿದ್ದನ್ನು ಒಮ್ಮೆಗೇ ಹಳದಿ ಕಾಗದಕ್ಕೆ ಇಳಿಸಿದರು. ಅದು ಕಲ್ಲಿಗೆ ಹತ್ತಿತು. ಮೊದಲ ಕಾಗದ ತೆಗೆದು ನೋಡಿ ಒಪ್ಪಿದ ಮೇಲೇ ಕೆಳಗೆ ಹೆಸರು ಹಾಕುವುದು ಅವರ ರೂಢಿ. ಆದರೆ ಆ ಮೊದಲ ಪ್ರತಿ ತೆಗೆಯಲೂ ಒಂದು ಹಾಳೆ ಸಿಗಲಿಲ್ಲ. ಕಾಗದ ಬರಲಿ, ಬಂದು ಹೆಸರು ಹಾಕುತ್ತೇನೆ ಎಂದು ಹೋದರು. ಕುತುಬುದ್ದೀನರು ಅಕ್ಷರ ಕೆಡದಂತೆ ಕಲ್ಲಿಗೆ ಅಂಟು ಬಳಿದು ಗೋಡೆಗೆ ಒರಗಿಸಿಟ್ಟರು. ಚೈತ್ರದಲ್ಲಿ ಮಾಸ್ತರಿಗೆ ಜ್ವರ ಬಂತು. ಎಂಟೇ ದಿನ.

ಪಾಟಿ ಒರೆಸಿ ಆಗಿತ್ತು. ಹಳದಿ ಕಾಗದದ ಅಕ್ಷರವೆಲ್ಲ ಕಲ್ಲಿಗೆ ಇಳಿದು ಹೋಗಿತ್ತು. ಕಥೆ ಇದ್ದದ್ದು ಜಗತ್ತಿನಲ್ಲಿ ಒಂದೇ ಕಡೆ, ಆ ಕಲ್ಲಿನ ಮೇಲೆ.

ಕಮಿಟಿಯ ಅಧ್ಯಕ್ಷರು ರಾಯಚೂರಿನ ದೊಡ್ಡ ವಕೀಲರು. ಛಾಪಖಾನೆಗೆ ಕೋರ್ಟಿನ ಕೆಲಸ ಬರುವುದು ಅವರ ಕೈಯಿಂದಲೇ. ಅವರು ಗುಮಾಸ್ತನ ಕೈಯಲ್ಲಿ ಹೆಸರಿನ ಪಟ್ಟಿ ಕಳಿಸಿ, ತಾವು ಹೈದರಾಬಾದಿಗೆ ಕೇಸಿಗೆ ಹೋದರು. ಕುತುಬುದ್ದೀನರು ಕಲ್ಲು ಇಳಿಸಿ ಆದೆಮ್ಮನ ಮುಂದಿಟ್ಟರು. ಅವಳು ಮರಳಿನ ಡಬ್ಬಿಯನ್ನು ಕಾಲಿನಿಂದ ಆಚೆ ಸರಿಸಿದಳು.

"ನಾ ಉಜ್ಜಂಗಿಲ್ಲರೀ ಸಾಬರ."

ಸಾಬರು ಮೊದಲು ನಂಬಲಿಲ್ಲ. ಆಮೇಲೆ ಸಿಟ್ಟಾದರು. ವಕೀಲರು ಮುನಿದರೆ ಛಾಪಖಾನೆಗೆ ಬೀಗ ಹಾಕಬೇಕಾಗುತ್ತದೆ, ಇದು ಬರೀ ಒಂದು ಕಲ್ಲು, ನಿನ್ನ ಕೆಲಸವೇ ಉಜ್ಜುವುದು, ಇಷ್ಟು ವರ್ಷ ಮಾಸ್ತರ ಪುಸ್ತಕಗಳನ್ನೆಲ್ಲ ಉಜ್ಜಿದವಳು ನೀನೇ ಅಲ್ಲವೇ ಎಂದರು. ಅವೆಲ್ಲ ಛಾಪಾಗಿ ಊರು ಸೇರಿದ ಮೇಲೆ ಉಜ್ಜಿದ್ದೆ, ಇದು ಇನ್ನೂ ಹೊರಗೇ ಹೋಗಿಲ್ಲ ಎಂದಳು ಆದೆಮ್ಮ. ಹೊಟ್ಟೆಯಲ್ಲಿರುವ ಕೂಸನ್ನು ಕೊಲ್ಲು ಅಂದರೆ ಕೊಲ್ಲಲೇನು ಎಂದಳು. ಸಾಬರು ತಾವೇ ಮರಳು ಹಿಡಿದು ಬಗ್ಗಿದರು. ಅವಳು ತಡೆಯಲಿಲ್ಲ. ಕಲ್ಲಿನ ಮೇಲೆ ಬೆರಳಿಟ್ಟು, ಅವರಿಗೆ ಕೇಳುವಂತೆ ಬಲದಿಂದ ಓದತೊಡಗಿದಳು.

ಕಥೆ ಮುಗಿಯುವಷ್ಟರಲ್ಲಿ ಸಾಬರು ಎರಡು ಸಲ ನಕ್ಕಿದ್ದರು. ಮೂರನೆಯ ಸಲ ನಗು ಬರಲಿಲ್ಲ. ಕೈಯಲ್ಲಿದ್ದ ಮರಳನ್ನು ಡಬ್ಬಿಗೆ ಸುರಿದು ಹಣೆಯ ಬೆವರು ಒರೆಸಿಕೊಂಡರು.

"ನಮ್ಮ ಅಬ್ಬಾ ನಲವತ್ತು ವರ್ಸ ಬರದರು ಆದೆಮ್ಮ," ಎಂದರು. "ಅಂಥಾ ಕೈ ಈ ಜಿಲ್ಲಾದಾಗ ಯಾರಿಗೂ ಇರಲಿಲ್ಲ. ಎಲ್ಲಾ ಕಲ್ಲಿಗೆ ಹತ್ತಿತು, ಎಲ್ಲಾ ನೀರಿಗೆ ಹೋಯ್ತು. ಅವರ ಒಂದು ಅಕ್ಸರನೂ ನನ್ನ ಹತ್ತಿರ ಇಲ್ಲ."

ಅಷ್ಟು ಹೇಳಿ ಎದ್ದು ಮೂಲೆಯಲ್ಲಿದ್ದ ಸಣ್ಣ ಕಲ್ಲು ತೆಗೆದರು. ಅಂಗೈಯಗಲದ್ದು, ಅತ್ತರಿನ ಚೀಟಿ ಛಾಪಿಸುವಂಥದ್ದು. ಗುಮಾಸ್ತನನ್ನು ಕರೆಸಿ ಇದರಲ್ಲಿ ನಾಲ್ಕು ಸಾಲು ಮಾತ್ರ ಹಿಡಿಯುತ್ತದೆ, ನಾಲ್ಕೇ ಬರೆ ಎಂದರು. ಮೂವತ್ತೊಂದು ಹೆಸರು ಬರೆಯುವ ಸಂಕಟದಿಂದ ಪಾರಾದ ಗುಮಾಸ್ತ ಖುಷಿಯಿಂದಲೇ ಬರೆದುಕೊಟ್ಟ: ಮಕ್ಕಳ ಕಥೆಗಾರ ಗಡಿಗೆಪ್ಪ ಮಾಸ್ತರು ಹೋದರು. ಅವರನ್ನು ನೆನೆಯೋಣ. ಬರುವ ರವಿವಾರ ಸಂಜೆ ನಾಲ್ಕಕ್ಕೆ ಮಾವಿನಕೆರೆಯ ದಂಡೆಗೆ. ಎಲ್ಲರೂ ಬರ್ರಿ.

ವಕೀಲರು ಪರವಾನಗಿಯಿಂದ ತರಿಸಿದ್ದ ಕಮಿಟಿಯ ಕಾಗದವನ್ನು ಎಂಟಾಗಿ ಕತ್ತರಿಸಿದ್ದರಿಂದ ಆ ಚೀಟಿ ಲೆಕ್ಕಕ್ಕಿಂತ ಎಂಟು ಪಟ್ಟು ಛಾಪಾಯಿತು. ದೊಡ್ಡವರ ಮನೆಗೆ ಹಂಚಿ ಮಿಕ್ಕಿದ್ದು ಎತ್ತಿನ ಗಾಡಿಯವರ ಕೈಯಲ್ಲಿ, ಇದ್ದಿಲಿನಿಂದ ಓಡುವ ಬಸ್ಸಿನವರ ಕೈಯಲ್ಲಿ ಮಾನ್ವಿಗೆ, ದೇವದುರ್ಗಕ್ಕೆ ಹೋಯಿತು. ಮೂವತ್ತೊಂದು ಹೆಸರು ಇದ್ದಿದ್ದರೆ ಅದು ದೊಡ್ಡವರ ದರ್ಬಾರು ಎಂದು ಯಾರೂ ಇತ್ತ ಕಾಲಿಡುತ್ತಿರಲಿಲ್ಲ. ಎಲ್ಲರೂ ಬರ್ರಿ ಎಂದು ಬರೆದಿದ್ದರಿಂದ, ಪಾಪ, ಎಲ್ಲರೂ ನಿಜವೆಂದು ತಿಳಿದರು.

ಕರೆಪತ್ರದ ಕೆಲಸ ಆಯಿತು. ಕಮಿಟಿಯ ಕಾಗದ ಚೀಟಿಗೇ ಮುಗಿದಿತ್ತು, ಕಥೆಗೆ ಹಾಳೆಯೇ ಇಲ್ಲ. ಆ ದಾರಿ ತೋರಿಸಿದ್ದು ಸಾಬರ ಹೆಂಡತಿ ವಾಹಿದಾ. ಆಕೆ ಮನೆಯಲ್ಲಿ ಕೂತು ಗಾಳಿಪಟ ಕಟ್ಟಿ ಮಾರುತ್ತಿದ್ದಳು. ಸಂಕ್ರಾಂತಿಯಲ್ಲಿ ಉಳಿದ ಪತಂಗದ ಕಾಗದ ಪೆಟ್ಟಿಗೆಯಲ್ಲಿ ಹಾಗೇ ಇತ್ತು, ಕೆಂಪು, ಹಸಿರು, ಅರಿಶಿನ ಬಣ್ಣದ್ದು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಯಾವ ಕಂಟ್ರೋಲಿನವರಿಗೂ ಅದು ಕಾಗದ ಎಂದು ಹೊಳೆದಿರಲಿಲ್ಲ. ಮಕ್ಕಳ ಕಥೆ ಮಕ್ಕಳ ಕಾಗದದ ಮೇಲೇ ಬರಲಿ ಎಂದಳು ವಾಹಿದಾ.

ಶುಕ್ರವಾರ ಛಾಪಖಾನೆಗೆ ರಜೆ. ನಮಾಜು ಮುಗಿಸಿ ಬಂದ ಸಾಬರು ಕಲ್ಲನ್ನು ಪ್ರೆಸ್ಸಿಗೆ ಏರಿಸಿದರು. ಮೊದಲ ಹಾಳೆ ಒದ್ದೆ ಕಲ್ಲಿಗೆ ಅಂಟಿಕೊಂಡು, ಎತ್ತುವಾಗ ಚೂರುಚೂರಾಯಿತು. ಎರಡನೆಯದೂ ಹಾಗೇ. ಹತ್ತನೆಯದಕ್ಕೆ ಸಾಬರು ಕೈಚೆಲ್ಲಿದರು, ಇಂಥ ಕಾಗದ ಕಲ್ಲಿಗೆ ಹುಟ್ಟಿದ್ದಲ್ಲ ಎಂದರು. ವಾಹಿದಾ ಅವರನ್ನು ಸರಿಸಿ ತಾನು ನಿಂತಳು. ಪಟದ ಬೆನ್ನಿಗೆ ಕಟ್ಟುವ ಬಿದಿರಿನ ಕಡ್ಡಿಯೊಂದನ್ನು ತೆಳ್ಳಗೆ ಸೀಳಿ, ಹಾಳೆಯ ಮೂಲೆಗೆ ತೂರಿಸಿ, ಬಾಯಿಂದ ಉಫ್ ಎಂದು ಊದುತ್ತ ಕಡ್ಡಿಯನ್ನು ಮುಂದೆ ಮುಂದೆ ಸರಿಸಿದಳು. ಹಾಳೆ ಕೆನೆ ಎದ್ದಂತೆ ಎದ್ದು ಬಂತು. ಅದರ ಮೇಲೆ ಮಾಸ್ತರ ಅಕ್ಷರ, ಮಾಸ್ತರ ಕತ್ತೆ, ಮಾಸ್ತರ ಹರಗೋಲು. ಮಸಿ ಹಚ್ಚುವವರು ಸಾಬರು, ಕಲ್ಲು ಒರೆಸುವವಳು ಆದೆಮ್ಮ, ಎತ್ತುವವಳು ವಾಹಿದಾ. ಹೊತ್ತು ಮುಳುಗುವುದರೊಳಗೆ ಇನ್ನೂರು ಹಾಳೆ ಹಗ್ಗದ ಮೇಲೆ ತೂಗಾಡಿದವು. ಯಾವುದರ ಕೆಳಗೂ ಹೆಸರಿರಲಿಲ್ಲ. ಕಲ್ಲಿನ ಮೇಲೆ ಇದ್ದರಲ್ಲವೇ ಕಾಗದಕ್ಕೆ ಬರುವುದು.

ವಕೀಲರು ಶನಿವಾರ ಬಂದು ಕರೆಪತ್ರ ನೋಡಿ ಛಾಪಖಾನೆಯ ಮಾಡು ಹಾರುವಂತೆ ಕೂಗಾಡಿದರು. ಹಂಚಿ ಆಗಿದೆ ಸಾಹೇಬರೇ ಎಂದು ಸಾಬರು ತಲೆ ಕೆರೆದುಕೊಂಡರು. ವಕೀಲರಿಗೆ ತಡೆಯಲು ದಾರಿ ಇರಲಿಲ್ಲ.

ರವಿವಾರ ಮಾವಿನಕೆರೆಯ ದಂಡೆಗೆ ಬಂದ ಜನ ನೋಡಿ ಕಮಿಟಿಯವರೇ ಬೆಚ್ಚಿದರು. ಗಾಡಿಗಟ್ಟಲೆ ಮಕ್ಕಳು. ಮಾನ್ವಿಯವರು, ಮಲ್ಲಟದವರು, ದೇವದುರ್ಗದ ಕಡೆಯ ಹಳ್ಳಿಗಳವರು, ಬುತ್ತಿ ಕಟ್ಟಿಕೊಂಡು ಬಂದ ಕೂಲಿಯವರು. ಎದುರಿಗೆ ಚಪ್ಪರ, ಅದರಲ್ಲಿ ಮೂವತ್ತೊಂದು ಕುರ್ಚಿ. ಮಾಸ್ತರ ಅಕ್ಕ ಮಾರೆಮ್ಮ ಗೂಗಲ್‌ನಿಂದ ಬಂದಿದ್ದಳು. ಆಕೆಗೆ ಕುರ್ಚಿ ಇರಲಿಲ್ಲ. ಚಪ್ಪರದ ಕಂಬಕ್ಕೆ ಒರಗಿ ನೆಲಕ್ಕೆ ಕೂತಿದ್ದಳು. ತಮ್ಮನ ಹೆಸರಿನ ಸಭೆಯಲ್ಲಿ ಅಕ್ಕ ಮಣ್ಣಿನಲ್ಲಿ, ತಮ್ಮನ ಒಂದು ಸಾಲೂ ಓದದವರು ಕುರ್ಚಿಯಲ್ಲಿ. ಇದನ್ನು ನೋಡಿದವರು ಸಾವಿರ ಮಂದಿ ಇದ್ದರು, ಕೇಳುವವರು ಒಬ್ಬರಿರಲಿಲ್ಲ.

ಭಾಷಣ ಶುರುವಾದವು. ವಕೀಲರ ಭಾಷಣದಲ್ಲಿ ಮಾಸ್ತರ ಹೆಸರು ಎರಡು ಸಲ ಬಂತು, ವಕೀಲರ ಸ್ವಂತ ಸೇವೆಯ ಸಂಗತಿ ಬಹಳ ಸಲ. ಮಕ್ಕಳು ಕೆರೆಗೆ ಕಲ್ಲೆಸೆಯತೊಡಗಿದವು. ಒಬ್ಬರಾದ ಮೇಲೆ ಒಬ್ಬರು, ಐದನೆಯವರು ಎದ್ದಾಗ ಮಾರೆಮ್ಮ ಕೂತಲ್ಲಿಂದಲೇ ಕೇಳಿದಳು:

"ಯಪ್ಪಾ, ಬಹಳ ಮಾತಾಡಿದ್ರಿ. ನಮ್ಮ ಗಡಿಗೆಪ್ಪಂದು ಒಂದು ಕಥಿ ಹೇಳ್ರಿ ನೋಡಮು."

ಕುರ್ಚಿಗಳು ಒಂದರ ಮುಖ ಒಂದು ನೋಡಿದವು. ಅವರೆಲ್ಲ ಉರ್ದುವಿನಲ್ಲಿ, ಇಂಗ್ಲಿಷಿನಲ್ಲಿ ಓದಿ ಮೇಲೆ ಬಂದವರು. ಕನ್ನಡ ಮನೆಯಲ್ಲಿ ಆಡುತ್ತಿದ್ದರು, ಆಳುಗಳನ್ನು ಬೈಯಲು ಬಳಸುತ್ತಿದ್ದರು. ಮಕ್ಕಳ ಪುಸ್ತಕವನ್ನು ಕೈಯಲ್ಲಿ ಹಿಡಿದವರು ಒಬ್ಬರೂ ಇರಲಿಲ್ಲ. ಕುತುಬುದ್ದೀನರು ಹಿಂದಿನಿಂದ ಆದೆಮ್ಮನನ್ನು ಮೊಣಕೈಯಿಂದ ತಿವಿದರು. ಅವಳ ಮಡಿಲಲ್ಲಿ ಇನ್ನೂರು ಹಾಳೆಯ ಗಂಟಿತ್ತು. ಹಂಚಿ ಬರುವುದೆಂದಷ್ಟೇ ಅವಳು ಬಂದಿದ್ದು. ಓದುವ ಮಾತು ಇರಲಿಲ್ಲ. ಆದರೂ ಕಾಲು ಮುಂದೆ ಹೋದವು.

ವಕೀಲರು ಅವಳ ಕೈಯಿಂದ ಒಂದು ಹಾಳೆ ಕಿತ್ತುಕೊಂಡು ನೋಡಿದರು. ಪತಂಗದ ಕಾಗದ ಎಂದು ಮೂಗು ಮುರಿದರು. ಆಮೇಲೆ ಕೋರ್ಟಿನ ದನಿ ಬಂತು. ಇದು ಮಾಸ್ತರದೇ ಎಂಬುದಕ್ಕೆ ಏನು ಸಾಕ್ಷಿ, ಹೆಸರಿಲ್ಲ, ಸಹಿ ಇಲ್ಲ, ಯಾರೋ ಬರೆದದ್ದನ್ನು ತಂದು ಸತ್ತವರ ತಲೆಗೆ ಕಟ್ಟಲು ಕಮಿಟಿ ಬಿಡುವುದಿಲ್ಲ ಎಂದರು. ಕೊನೆಗೆ ಕೇಳಿದರು:

"ಓದಾವರು ಯಾರು ಇದನ್ನ? ನೀನೇನು?"

"ಹೌದ್ರಿ," ಎಂದಳು ಆದೆಮ್ಮ. "ನಾನೇ."

ಹಾಳೆ ಇಸಿದುಕೊಂಡಳು. ಬಟ್ಟೆ ಅಂಗಡಿಯ ನಗು ಕಿವಿಯಲ್ಲಿತ್ತು. ಆ ಸೇಠಜಿಯೂ ಅಲ್ಲೇ ನಾಲ್ಕನೆಯ ಕುರ್ಚಿಯಲ್ಲಿ ಕೂತಿದ್ದ. ಸೀದಾ ಹಿಡಿದರೆ ಒಂದಕ್ಷರ ಬಾರದು. ತಿರುವಿ ಹಿಡಿದರೆ ಊರು ನಗುತ್ತದೆ. ಚಪ್ಪರದ ನೆರಳು ಬಿಟ್ಟು ಬಿಸಿಲಿಗೆ ಬಂದು, ಪಡುವಣಕ್ಕೆ ಮುಖ ಮಾಡಿ, ಕೆಂಪು ಹಾಳೆಯನ್ನು ತಿರುವಿ, ಅದರ ಬೆನ್ನು ತನ್ನ ಕಡೆ ಮಾಡಿ ಸೂರ್ಯನಿಗೆ ಎತ್ತಿ ಹಿಡಿದಳು.

ನಗು ಬಂತು. ಕುರ್ಚಿಗಳಿಂದಲೇ ಮೊದಲು. ಕಾಗದ ಹಿಡಿಯಲು ಬರದವಳು ಓದುತ್ತಾಳಂತೆ ಎಂದು ಯಾರೋ ಅಂದರು. ಸೇಠಜಿ ಬೋರ್ಡಿನ ಕಥೆಯನ್ನು ಪಕ್ಕದವನ ಕಿವಿಯಲ್ಲಿ ಹೇಳತೊಡಗಿದ. ಬಿಸಿಲು ತೆಳು ಕಾಗದದೊಳಗೆ ತೂರಿ ಬಂದು ಅವಳ ಮುಖವೆಲ್ಲ ಕೆಂಪಾಗಿತ್ತು, ಆ ಕೆಂಪಿನಲ್ಲಿ ಅಕ್ಷರ ಕಲ್ಲಿನ ಮೇಲೆ ಇದ್ದ ಹಾಗೇ ನಿಚ್ಚಳವಾಗಿ ನಿಂತಿದ್ದವು. ಅವಳು ಬಲದಿಂದ ಓದಿದಳು:

"ಕಿವಿ ಇದ್ದವರು ಕುಂದರ್ರಿ. ಇಲ್ಲದವರು ಮಗ್ಗಲದವರ ಕಡಿಂದ ಒಂದು ಕಡಾ ತಗೊಂಡು ಕುಂದರ್ರಿ."

ಸಾಲು ಮುಗಿಯುವುದೇ ತಡ, ಕೆರೆಯ ದಂಡೆಯಿಂದ, ಗಾಡಿಗಳ ಮೇಲಿಂದ, ಬೇಲಿಯ ಸಂದಿಯಿಂದ ಮಕ್ಕಳೆಲ್ಲ ತಮ್ಮ ಎರಡೂ ಕಿವಿ ಹಿಡಿದುಕೊಂಡು ಒಂದೇ ದನಿಯಲ್ಲಿ ಕೂಗಿದವು:

"ಎರಡೆರಡು ಅದಾವ್ರೀ ಮಾಸ್ತರ, ಹೇಳ್ರಿ."

ಈ ಉತ್ತರ ಯಾವ ಪುಸ್ತಕದಲ್ಲೂ ಛಾಪಾಗಿರಲಿಲ್ಲ. ಮಾಸ್ತರು ಬಂದಾಗಲೆಲ್ಲ ಬಾಯಿಂದ ಬಾಯಿಗೆ ಕಲಿತದ್ದು. ದೇವದುರ್ಗದ ಹುಡುಗರಿಗೂ ಗೊತ್ತಿತ್ತು, ಮಾನ್ವಿಯ ಹುಡುಗರಿಗೂ ಗೊತ್ತಿತ್ತು, ಒಬ್ಬರ ಮುಖ ಒಬ್ಬರು ಅವತ್ತೇ ನೋಡಿದ್ದು. ಮುನ್ನೂರು ಸಾಕ್ಷಿಗಳು ಕಿವಿ ಹಿಡಿದು ನಿಂತ ಮೇಲೆ ವಕೀಲರು ಪಾಟೀಸವಾಲು ಬಿಟ್ಟು ಕುರ್ಚಿಗೆ ಹೋಗಿ ಕೂತರು. ಕಂಬಕ್ಕೆ ಒರಗಿದ್ದ ಮಾರೆಮ್ಮನೂ ಕಿವಿ ಹಿಡಿದಿದ್ದಳು. ಬಿಡುವುದನ್ನು ಮರೆತಿದ್ದಳು.

ಆದೆಮ್ಮ ಹಾಳೆಯನ್ನು ಇನ್ನಷ್ಟು ಎತ್ತಿ ಹಿಡಿದಳು. ಓದುತ್ತ ಹೋದಳು. ಗೂಗಲ್ ದಂಡೆಯಿಂದ ಹರಗೋಲು ಹೊರಟಿದೆ. ಅದರಲ್ಲಿ ಟಗರು, ಹುಂಜ, ಬೆಕ್ಕು, ಒಂದು ಕತ್ತೆ. ನನಗೆ ಕೋಡಿದೆ, ಮುಂದಿನ ಜಾಗ ನನ್ನದು ಎನ್ನುತ್ತದೆ ಟಗರು. ಊರನ್ನು ಎಬ್ಬಿಸುವವನು ನಾನು ಎನ್ನುತ್ತದೆ ಹುಂಜ. ಗೌಡರ ಮನೆಯ ಹಾಲು ಕುಡಿದವಳು ನಾನು ಎನ್ನುತ್ತದೆ ಬೆಕ್ಕು. ಹೊರೆ ಹೊರುವ ಕತ್ತೆ ಹಿಂದೆ ಕೂಡಬೇಕು, ಇದಕ್ಕೆ ಮಾತ್ರ ಮೂರರದೂ ಒಪ್ಪಿಗೆ. ನಡುಹೊಳೆಯಲ್ಲಿ ಸುಳಿ ಬಂದು ಹರಗೋಲು ಬುಗುರಿಯಂತೆ ತಿರುಗುತ್ತದೆ. ಮುಂದೆ ಇದ್ದದ್ದು ಹಿಂದಾಗುತ್ತದೆ, ಮೂವರೂ ಎದ್ದು ಈ ಕಡೆ ಓಡುತ್ತಾರೆ. ಮತ್ತೆ ತಿರುಗುತ್ತದೆ, ಆ ಕಡೆ ಓಡುತ್ತಾರೆ. ಹರಗೋಲು ವಾಲಿ ನೀರು ಒಳಗೆ ಬರುತ್ತದೆ.

ಇಲ್ಲಿಗೆ ಬರುವಷ್ಟರಲ್ಲಿ ಮಕ್ಕಳ ಕಣ್ಣು ಚಪ್ಪರದ ಕುರ್ಚಿಗಳ ಮೇಲೆ ಹೋಗಿತ್ತು. ದೊಡ್ಡವರದೂ. ಯಾರೋ ಮೆಲ್ಲಗೆ ಟಗರು ಯಾರು, ಹುಂಜ ಯಾರು ಎಂದು ಹೆಸರಿಡುತ್ತಿದ್ದರು. ನಗು ಈಗ ಬೇರೆ ದಿಕ್ಕಿನಿಂದ ಬೀಸಿತು. ಆದೆಮ್ಮ ದನಿ ಏರಿಸಿ ಕತ್ತೆಯ ಮಾತು ಓದಿದಳು:

"ದುಂಡನ ಹರಗೋಲಿಗೆ ಮುಂದ ಯಾವದು, ಹಿಂದ ಯಾವದು? ಇದ್ದಲ್ಲೇ ಕುಂದರ್ರಿ. ದಂಡಿ ಎಲ್ಲಾರಿಗೂ ಒಮ್ಮೆಗೇ ಬರ್ತದ."

ಕಥೆ ಮುಗಿದಾಗ ಕೆರೆಯ ದಂಡೆಯಲ್ಲಿ ಎದ್ದ ಗದ್ದಲಕ್ಕೆ ನೀರಿನ ಹಕ್ಕಿಗಳು ಹಾರಿಹೋದವು. ಇನ್ನೊಮ್ಮೆ ಓದು ಎಂದರು. ಓದಿದಳು. ಮ್ಯೂನಿಸಿಪಾಲಿಟಿಯ ಮುದುಕರೊಬ್ಬರು ಮೆತ್ತಗೆ ಕುರ್ಚಿ ಬಿಟ್ಟಿಳಿದು ಮಾರೆಮ್ಮನ ಪಕ್ಕ ನೆಲಕ್ಕೆ ಕೂತರು. ಅವರನ್ನು ನೋಡಿ ಇನ್ನಿಬ್ಬರು. ವಕೀಲರು ಇಳಿಯಲಿಲ್ಲ, ಅದೂ ದಾಖಲಾಗಲಿ. ಇನ್ನೂರು ಹಾಳೆ ಕಣ್ಣು ಮಿಟುಕಿಸುವುದರೊಳಗೆ ಖಾಲಿಯಾದವು. ಸೀದಾ ಓದಲು ಬರುವ ಮಕ್ಕಳೂ ಹಾಳೆ ತಿರುವಿ ಸೂರ್ಯನಿಗೆ ಹಿಡಿದು ನೋಡುತ್ತಿದ್ದವು. ಮಾಸ್ತರ ಕಥೆ ಓದುವ ಪದ್ಧತಿಯೇ ಅದು ಇರಬೇಕು ಎಂದುಕೊಂಡಿದ್ದವು.

ಜನ ಕರಗಿದ ಮೇಲೆ ಮಾರೆಮ್ಮ ಹತ್ತಿರ ಬಂದಳು. ಹಸಿರು ಹಾಳೆಯೊಂದನ್ನು ಎದೆಗೆ ಒತ್ತಿಕೊಂಡಿದ್ದಳು. ಓದಲು ಬಾರದ ಮುದುಕಿ, ಅದರ ಮೇಲೆಲ್ಲ ಬೆರಳಾಡಿಸಿ ಕೇಳಿದಳು:

"ನನ್ನ ತಮ್ಮನ ಹೆಸರು ಎಲ್ಲಿ ಅದವ್ವಾ ಇದರಾಗ?"

ಆದೆಮ್ಮನ ಗೆಲುವೆಲ್ಲ ಅಲ್ಲೇ ಇಳಿಯಿತು. ಇಲ್ಲ ಎಂದು ಹೇಳಬೇಕಾಯಿತು. ಕಾಗದ ಬಂದ ಮೇಲೆ ಇನ್ನೊಮ್ಮೆ ಛಾಪಿಸುತ್ತೇವೆ, ಆಗ ಹೆಸರು ಇರುತ್ತದೆ, ನಾನೇ ತಂದು ನಿನ್ನ ಕೈಗೆ ಕೊಡುತ್ತೇನೆ ಎಂದು ಮಾತು ಕೊಟ್ಟಳು. ಹೆಸರು ಬರೆಯುವವರು ಯಾರು ಎಂಬುದು ಅವಳಿಗೂ ಗೊತ್ತಿರಲಿಲ್ಲ.

ಆ ಕಲ್ಲಿಗೆ ಮತ್ತೆ ಅಂಟು ಬಿತ್ತು. ವಕೀಲರು ಕೋರ್ಟಿನ ಕೆಲಸ ಬೇರೆ ಪ್ರೆಸ್ಸಿಗೆ ಕೊಟ್ಟರು. ಅಲ್ಲಿಯವರ ಬರವಣಿಗೆ ಯಾವ ಜಡ್ಜಿಗೂ ಓದಲು ಹತ್ತದೆ ಎರಡೇ ತಿಂಗಳಿಗೆ ವಾಪಸು ಬಂದರು. ಯುದ್ಧ ಮುಗಿಯಿತು. ದೀಪಾವಳಿ ಕಳೆದ ಮೇಲೆ ಕಾಗದ ಬಂತು, ಬಿಳಿಯದು, ದಪ್ಪನೆಯದು. ಮಾನ್ವಿ, ದೇವದುರ್ಗದ ಮೇಷ್ಟ್ರುಗಳು ಸೇರಿ ಸಾವಿರ ಪ್ರತಿ ಕೇಳಿದ್ದರು.

ಕಲ್ಲು ಪ್ರೆಸ್ಸಿಗೆ ಏರಿತು. ಕುತುಬುದ್ದೀನರು ಕಥೆಯ ಕೆಳಗಿನ ಖಾಲಿ ಜಾಗ ನೋಡಿ ತಲೆ ಕೆರೆದುಕೊಂಡರು. ಹಳದಿ ಕಾಗದದ ಮೇಲೆ ಬರೆಸಿ ಕಲ್ಲಿಗೆ ಇಳಿಸಬೇಕೆಂದರೆ ಇಡೀ ಕಲ್ಲನ್ನು ಮತ್ತೆ ಒತ್ತಬೇಕು, ಹಳೆಯ ಬರವಣಿಗೆ ಕೆಟ್ಟುಹೋಗುತ್ತದೆ. ನೇರವಾಗಿ ಕಲ್ಲಿನ ಮೇಲೇ ಬರೆಯಬೇಕು, ಪ್ರತಿ ಅಕ್ಷರವನ್ನೂ ತಿರುವಿ. ಉರ್ದುವಿನಲ್ಲಿ ಹಾಗೆ ಬರೆಯುವ ಉಸ್ತಾದರನ್ನು ಸಂಗ್‌ಸಾಜ್ ಅನ್ನುತ್ತಾರೆ, ಹೈದರಾಬಾದಿನಲ್ಲಿ ಬೆರಳೆಣಿಕೆಯಷ್ಟು ಮಂದಿ ಇದ್ದಾರೆ, ಕನ್ನಡದಲ್ಲಿ ಅಂಥವರು ಎಲ್ಲಿ ಸಿಗಬೇಕು ಎಂದು ಗೊಣಗುತ್ತಿದ್ದ ಸಾಬರು ನಡುವೆಯೇ ಮಾತು ನಿಲ್ಲಿಸಿದರು. ತಿರುಗಿ ನೋಡಿದರು. ಆದೆಮ್ಮ ಆಗಲೇ ಕೈ ತೊಳೆದುಕೊಂಡು, ಸೆರಗಿಗೆ ಒರೆಸಿಕೊಂಡು, ಅವರ ತಂದೆಯ ಕಾಲದ ಸಣ್ಣ ಕುಂಚಕ್ಕೆ ಕೈ ಚಾಚಿದ್ದಳು.

ಹನ್ನೊಂದು ವರ್ಷ ಅಕ್ಷರ ಅಳಿಸಿದ ಕೈ ಅವತ್ತು ಮೊದಲ ಸಲ ಅಕ್ಷರ ಇಟ್ಟಿತು. ಉಸಿರು ಬಿಗಿಹಿಡಿದು, ಬಲದಿಂದ ಎಡಕ್ಕೆ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಬರೆದಳು. ಅವಳಿಗೆ ಅದು ತಿರುವು ಅಲ್ಲವೇ ಅಲ್ಲ, ಅದೇ ಕನ್ನಡ. ಸಾಬರು ಮಸಿ ಹಚ್ಚಿ, ಬಿಳಿ ಹಾಳೆ ಹಾಕಿ, ಚಕ್ರ ತಿರುವಿದರು. ವಾಹಿದಾ ಅಭ್ಯಾಸಬಲದಿಂದ ಬಿದಿರಿನ ಕಡ್ಡಿ ಹಿಡಿದೇ ನಿಂತಿದ್ದಳು, ಬೇಕಾಗಲಿಲ್ಲ.

"ತಗೋರಿ ಸಂಗ್‌ಸಾಜ್ ಸಾಹೇಬರ," ಎಂದು ಕುತುಬುದ್ದೀನರು ಮೊದಲ ಹಾಳೆಯನ್ನು ಎರಡೂ ಕೈಯಿಂದ ಕೊಟ್ಟರು.

ಆದೆಮ್ಮ ರೂಢಿಯಂತೆ ಅದನ್ನು ತಿರುವಿ ಕಿಟಕಿಯ ಕಡೆ ಎತ್ತಿದಳು. ಕಾಗದ ದಪ್ಪ, ಬೆಳಕು ತೂರಲಿಲ್ಲ. ಇಳಿಸಿ ಮುಂದಿನಿಂದ ನೋಡಿದಳು. ಎಂದೂ ಹತ್ತದ ಆ ಕಡೆಯಿಂದ. ಎಲ್ಲಕ್ಕಿಂತ ಕೆಳಗೆ ತಾನೇ ಈಗಷ್ಟೇ ಇಟ್ಟ ಅಕ್ಷರಗಳು ಎದ್ದು ಈಚೆ ಮಗ್ಗಲಿಗೆ ತಿರುಗಿ ಕೂತಿದ್ದವು. ಯಾವುದು ಎಲ್ಲಿ ಎಂದು ಅವಳ ಕೈಗೆ ಗೊತ್ತಿತ್ತು. ಎಡಗಡೆಯ ಮೊದಲನೆಯದರ ಮೇಲೆ ಬೆರಳಿಟ್ಟಳು. ಗ. ಪಕ್ಕಕ್ಕೆ ಸರಿದಳು. ಡಿ. ಗೆ. ಪ್ಪ. ಮಾಸ್ತರು ಬಿಡುವಾದಾಗ ಕಲಿಸಿಕೊಡುತ್ತೇನೆ ಎಂದಿದ್ದ ಪಾಠ ಅವರ ಹೆಸರಿನಿಂದಲೇ ಶುರುವಾಯಿತು. ಅಲ್ಲಿಂದ ಬೆರಳು ಮೇಲಿನ ಸಾಲಿಗೆ, ಅದರ ಮೇಲಿನ ಸಾಲಿಗೆ ಏರಿತು. ಬಾಯಿಪಾಠವಾಗಿದ್ದ ಕಥೆ ಒಂದೊಂದೇ ಅಕ್ಷರಕ್ಕೆ ಕೈ ಹಿಡಿದು ದಾರಿ ತೋರಿಸಿತು.

ಮರುದಿನ ಮುಂಜಾನೆ ಇದ್ದಿಲು ಬಸ್ಸಿನಲ್ಲಿ ಮಾರೆಮ್ಮನ ಗೂಗಲ್ ಕಡೆಗೆ ಹೊರಟ ಆದೆಮ್ಮನ ಮಡಿಲಲ್ಲಿ ಆ ಮೊದಲ ಹಾಳೆ ಇತ್ತು. ಬಸ್ಸು ಬಜಾರ ದಾಟುವಾಗ ಅವಳು ಕಿಟಕಿಯಿಂದ ಬಟ್ಟೆ ಅಂಗಡಿಯ ಬೋರ್ಡನ್ನು ಎಡದಿಂದ ಬಲಕ್ಕೆ, ಮೆಲ್ಲಗೆ, ಪೂರ್ತಿ ಓದಿದಳು. ಬರೆದವನು ಮೋಸವೇನೂ ಮಾಡಿರಲಿಲ್ಲ. ಮಾಸ್ತರ ಅಕ್ಷರದಷ್ಟು ಚೆಂದ ಮಾತ್ರ ಇರಲಿಲ್ಲ.